ಕಪ್ತಾನ ಸತ್ತ ಸಂಜೆಯಿಂದ ದುರಸ್ತಿಯಲ್ಲಿರುವ ಊರು

ಪ್ರಾದೇಶಿಕ ಜಾಲ ನಿರ್ವಹಣಾ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ, ನಮ್ಮ ಊರು ದುರಸ್ತಿಯಲ್ಲಿಲ್ಲ. ನಿಮ್ಮ ಕಚೇರಿಯ ಗೋಡೆಯನ್ನೆಲ್ಲ ತುಂಬಿಕೊಂಡಿರುವ ಆ ದೊಡ್ಡ ಪರದೆಯಲ್ಲಿ, ಸುಪೀರಿಯರ್ ಸರೋವರದ ದಂಡೆಗೆ ಅಂಟಿಕೊಂಡ ಲೂನ್ ಲ್ಯಾಂಡಿಂಗ್ ಎಂಬ ಹೆಸರಿನ ಮೇಲೆ ‘ದುರಸ್ತಿಯಲ್ಲಿದೆ’ ಎನ್ನುವ ಒಂದು ನೀಲಿ ಚುಕ್ಕೆ ಕೂತಿದೆಯಲ್ಲ, ಅದು ಸುಳ್ಳು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರಾಂತ್ಯದಿಂದ ಅದು ಆ ಸುಳ್ಳನ್ನು ಹೇಳುತ್ತಲೇ ಇದೆ. ಆ ಚುಕ್ಕೆ ಇರುವವರೆಗೆ ನಮ್ಮ ಊರಿನ ಯಾವ ಯಂತ್ರ ಕೈಕೊಟ್ಟರೂ ನಿಮಗೂ ಸುದ್ದಿ ಮುಟ್ಟುವುದಿಲ್ಲ, ನನಗೂ ಮುಟ್ಟುವುದಿಲ್ಲ. ಅದನ್ನು ತೆಗೆಯಿರಿ. ಅದನ್ನು ಅಲ್ಲಿ ಕೂರಿಸಿದ ಮಹಾನುಭಾವ ಯಾರು ಎಂದು ನೀವು ಗುಡುಗುವ ಮೊದಲೇ ನಾನೇ ರಂಗದ ಮುಂಭಾಗಕ್ಕೆ ಬಂದು ಎದೆ ತಟ್ಟಿಕೊಂಡು ಹೇಳುತ್ತೇನೆ: ಅವನು ನಾನೇ.

ಇದನ್ನು ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆ ಎಂದರೆ, ನಿಮಗೆ ನೇರವಾಗಿ ಕಳಿಸಿದ ದೂರುಗಳನ್ನೆಲ್ಲ ನಿಮ್ಮ ತಂತ್ರಾಂಶ ಓದದೆಯೇ ಮುಚ್ಚಿಬಿಟ್ಟಿತು. ಈ ವಾರಪತ್ರಿಕೆಯ ಸಂಪಾದಕರಾದರೋ, ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿಯುವ ಪಂದ್ಯದ ಜಾಹೀರಾತಿನ ಪಕ್ಕದಲ್ಲಿ ನನಗಿಷ್ಟು ಜಾಗ ಕೊಟ್ಟಿದ್ದಾರೆ.

ಮೊದಲು ನಮ್ಮ ಜನರ ಸ್ವಭಾವ ಹೇಳಬೇಕು, ಇಲ್ಲವಾದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ನಮ್ಮ ಮುತ್ತಜ್ಜಂದಿರು ಫಿನ್ಲೆಂಡಿನಿಂದ ಬರುವಾಗ ಸೌನಾ ಎಂಬ ಬಿಸಿಹಬೆಯ ಸ್ನಾನ ತಂದರು, ಏಲಕ್ಕಿ ಬ್ರೆಡ್ಡು ತಂದರು, ಜೊತೆಗೆ ಹಡಗು ತುಂಬ ಮೌನವನ್ನೂ ತಂದರು. ಬ್ರೆಡ್ಡು ಖರ್ಚಾಯಿತು, ಮೌನ ಇನ್ನೂ ಉಳಿದಿದೆ. ಮನೆಗೆ ಬೆಂಕಿ ಬಿದ್ದರೆ "ಸ್ವಲ್ಪ ಬೆಚ್ಚಗಿದೆ" ಎನ್ನುವ ಜನ ನಾವು. ಒಮ್ಮೆ ಗ್ರಂಥಾಲಯದ ಗಣಕಗಳೆಲ್ಲ ನಾಲ್ಕು ದಿನ ಸತ್ತು ಬಿದ್ದಿದ್ದವು. ಗ್ರಂಥಪಾಲಕಿ ನನಗೆ ಅಂಗಡಿಯಲ್ಲಿ ಸಿಕ್ಕಳು, ಆಲೂಗಡ್ಡೆ ಆರಿಸುತ್ತಾ ಹೇಳಿದಳು: "ಈಗೀಗ ಜನ ಪುಸ್ತಕ ಜಾಸ್ತಿ ಓದ್ತಿದಾರೆ ರೂಡಿ." ಅದು ಆಕೆಯ ದೂರು. ನಾನು "ಒಳ್ಳೇದಾಯ್ತು" ಎಂದು ಮನೆಗೆ ಬಂದೆ.

ಇಂಥ ಊರಿನಲ್ಲಿ ಇಡೀ ಕೌಂಟಿಯ ಗಣಕಜಾಲವನ್ನು ನೋಡಿಕೊಳ್ಳುವ ಒಬ್ಬನೇ ನೌಕರ ನಾನು. ಅದಕ್ಕಾಗಿಯೇ ಒಂದು ಕಾವಲು ತಂತ್ರಾಂಶವನ್ನು ನ್ಯಾಯಾಲಯದ ನೆಲಮಾಳಿಗೆಯಲ್ಲಿ ಕೂರಿಸಿದ್ದು. ಅದರ ಕೆಲಸ ಸರಳ. ಗ್ರಂಥಾಲಯ, ಹಿಮ ತೆಗೆಯುವ ಲಾರಿಗಳ ಶೆಡ್ಡು, ಕುಡಿಯುವ ನೀರಿನ ಪಂಪ್ ಮನೆ, ಎಲ್ಲ ಕಡೆಯ ಯಂತ್ರಗಳನ್ನೂ ಗಳಿಗೆಗೊಮ್ಮೆ "ಇದ್ದೀಯಾ?" ಎಂದು ಕೇಳುವುದು. "ಇದ್ದೇನೆ" ಎಂಬ ಉತ್ತರ ಬಾರದಿದ್ದರೆ ನನ್ನ ಫೋನಿನಲ್ಲಿ ಬೊಬ್ಬೆ ಹೊಡೆಯುವುದು. ಮಾನ್ಯರೇ, ಊರಿನಲ್ಲಿ ಬಾಯಿಬಿಟ್ಟು ದೂರುತ್ತಿದ್ದ ಏಕೈಕ ಪ್ರಜೆ ಅದು. ಅದನ್ನು ಬಿಟ್ಟರೆ ಗಟ್ಟಿಯಾಗಿ ಮಾತಾಡುವವನು ನಾನೊಬ್ಬ. ನಾನು ಫಿನ್ ಜನರ ಸಭಾಭವನದ ನಾಟಕರಂಗದ ಮೇಲೆ ಬೆಳೆದವನು. ಅಮ್ಮ ನಾಯಕಿ, ಅಜ್ಜ ಖಳನಾಯಕ, ನಾನು ಪರದೆಯ ಹಿಂದಿನ ಬುಟ್ಟಿಯಲ್ಲಿ ಮಲಗಿದ್ದ ಮಗು. ಹೀಗಾಗಿ ಊಟಕ್ಕೆ ಉಪ್ಪು ಕೇಳಿದರೂ ಕೊನೆಯ ಸಾಲಿಗೆ ಕೇಳಿಸುವಂತೆ ಕೇಳುತ್ತೇನೆ. ಊರಿನವರು ಇದನ್ನೊಂದು ಕಾಯಿಲೆಯೆಂದು ಭಾವಿಸಿ ಕ್ಷಮಿಸಿದ್ದಾರೆ.

ಹತ್ತು ಕೌಂಟಿಗಳ ಜಾಲಗಳನ್ನೂ ಒಂದೇ ಕಡೆ ಕೂತು ಕಾಯುವ ನಿಮ್ಮ ಯೋಜನೆ ಬಂದಾಗ ಅದರ ಪರವಾಗಿ ಕೌಂಟಿ ಮಂಡಳಿಯ ಮುಂದೆ ಭಾಷಣ ಮಾಡಿದವನೂ ನಾನೇ. ವಿಷಯ ಯಾವುದು ಎಂಬುದು ನನಗೆ ಎಂದೂ ಮುಖ್ಯವಾಗಿಲ್ಲ, ಎದುರಿಗೆ ಕುರ್ಚಿಗಳಲ್ಲಿ ಜನ ಇದ್ದಾರೆಯೇ ಎಂಬುದಷ್ಟೇ ಮುಖ್ಯ. "ಹತ್ತು ಮನೆಗೆ ಒಂದೇ ಎಚ್ಚರದ ಕಣ್ಣು, ರೆಪ್ಪೆ ಮುಚ್ಚದ ಕಣ್ಣು" ಎಂದು ಬಲಗೈ ಎತ್ತಿದ್ದೆ. ಮಂಡಳಿಯವರು ಕಾಫಿ ಕುಡಿಯುತ್ತಾ ಸಮ್ಮತಿಸಿದರು. ಆ ಕಣ್ಣಿಗೆ ನಾನೇ ಬಟ್ಟೆ ಕಟ್ಟುತ್ತೇನೆಂದು ಆಗ ಯಾರಿಗೆ ಗೊತ್ತಿತ್ತು?

ಈಗ ಅಪರಾಧದ ದೃಶ್ಯಕ್ಕೆ ಬರೋಣ. ಪ್ರತಿ ವರ್ಷ ಹಬ್ಬದ ವಾರಾಂತ್ಯದಲ್ಲಿ ಸಭಾಭವನದಲ್ಲಿ ನಮ್ಮ ನಾಟಕ, ಸಾಯುವ ಪಾತ್ರ ಪ್ರತಿ ಸಲವೂ ನನ್ನದೇ. ಈ ಸಲ ಹಡಗು ಮುಳುಗುವ ಕಥೆ, ನಾನು ಹಡಗಿನ ಜೊತೆಗೇ ಮುಳುಗುವ ಕಪ್ತಾನ. ನನ್ನ ಹೆಣದ ಪಕ್ಕ ಮಂಡಿಯೂರಿ ಅಳಬೇಕಾದ ಸಹಾಯಕ, ನನ್ನ ಹೆಂಡತಿ ಮಾರ್ಲೀನಳ ತಮ್ಮ ಅರ್ವೋ ಪೆಲ್ಟೋಲ. ಶನಿವಾರದ ಆಟದಲ್ಲಿ ನಾನು ಅಮೋಘವಾಗಿ ಸತ್ತೆ. ಸಭೆ ಮೌನವಾಗಿತ್ತು, ಅಂದರೆ ನಮ್ಮಲ್ಲಿ ಅದು ಚಪ್ಪಾಳೆ. ಆಗಲೇ ನನ್ನ ಸತ್ತ ಜೇಬಿನಿಂದ ತಂತ್ರಾಂಶ ಕಿರುಚತೊಡಗಿತು. ಅರ್ವೋ ಮುಖ ಬಾಗಿಸಿ, ಕಣ್ಣೀರು ಒರೆಸುವವನಂತೆ ನಟಿಸುತ್ತಾ ಪಿಸುಗುಟ್ಟಿದ: "ಭಾವ, ಹೆಣ ಫೋನ್ ಎತ್ತುತ್ತೋ, ಇಲ್ಲ ನಾನೇ ಎತ್ತಲೋ?" ಹೆಣ ನಕ್ಕಿತು. ಸಭೆಯೂ ನಕ್ಕಿತು. ನಡುಕಡಲಿನ ಆ ದುರಂತಕ್ಕೆ ಕಾರಣ, ಲಾರಿ ಶೆಡ್ಡಿನ ಪ್ರಿಂಟರಿನಲ್ಲಿ ಕಾಗದ ಮುಗಿದದ್ದು.

ನಟನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಭಾನುವಾರದ ಆಟಕ್ಕೆ ಮೊದಲು, ಅಂಟಿಸಿದ ಗಡ್ಡದ ಸಮೇತ, ಇಡೀ ಊರನ್ನು ದುರಸ್ತಿ ಸ್ಥಿತಿಗೆ ಹಾಕಿದೆ. ಕೆಲಸ ನಡೆಯುವಾಗ ಸುಮ್ಮನೆ ಗದ್ದಲವಾಗದಿರಲಿ ಎಂದು ನಾವು ಬಳಸುವ ಉಪಾಯ ಅದು. ಆಗ ತಂತ್ರಾಂಶ ಎಲ್ಲವನ್ನೂ ನೋಡುತ್ತದೆ, ಯಾರಿಗೂ ಹೇಳುವುದಿಲ್ಲ. ಎಷ್ಟು ಹೊತ್ತು ಎಂದು ಅದು ಕೇಳಿತು. ಎರಡು ಗಂಟೆ, ನಾಳೆಯವರೆಗೆ, ತೆಗೆಯುವವರೆಗೆ ಎಂಬ ಮೂರು ಗುಂಡಿಗಳು. ವಿವೇಕವಿದ್ದವನು ಎರಡು ಗಂಟೆ ಎನ್ನುತ್ತಿದ್ದ. ನಾನು ಯೋಚಿಸಿದೆ: ಒಂದು ವೇಳೆ ಜನ ಎದ್ದು ನಿಂತು ಒನ್ಸ್ ಮೋರ್ ಎಂದರೆ? ಮರಣದೃಶ್ಯವನ್ನು ಮತ್ತೆ ಆಡಬೇಕಾಗಿ ಬಂದರೆ? ಆ ಸಭಾಭವನದ ಇತಿಹಾಸದಲ್ಲಿ ಯಾರೂ ಯಾರಿಗೂ ಒನ್ಸ್ ಮೋರ್ ಎಂದಿಲ್ಲ. ಆದರೂ "ತೆಗೆಯುವವರೆಗೆ" ಎಂಬುದನ್ನೇ ಒತ್ತಿದೆ. ಕಾರಣ ಬರೆಯಿರಿ ಎಂದಿತು. "ಕಪ್ತಾನನ ಮರಣ" ಎಂದು ಬರೆದೆ. ಸತ್ತೆ, ಎದ್ದೆ, ಕಾಫಿ ಕುಡಿದೆ, ಮನೆಗೆ ಹೋಗಿ ಮಲಗಿದೆ. ಸೋಮವಾರ ಬೆಳಗ್ಗೆ ಯೋಜನೆಯ ಪ್ರಕಾರ ನಿಮ್ಮವರು ಬಂದು ಬೀಗದಕೈಗಳನ್ನೆಲ್ಲ ಪಡೆದುಕೊಂಡರು, ತಂತ್ರಾಂಶವನ್ನು ಇದ್ದ ಸ್ಥಿತಿಯಲ್ಲೇ ನಿಮ್ಮ ಕೇಂದ್ರಕ್ಕೆ ವರ್ಗಾಯಿಸಿಕೊಂಡರು, ನೆಲಮಾಳಿಗೆಯ ಹಳೆಯ ಗಣಕವನ್ನೂ ಒಯ್ದರು. ನನಗೆ ನೋಡುವ ಹಕ್ಕು ಉಳಿಯಿತು, ಒತ್ತುವ ಹಕ್ಕು ಹೋಯಿತು. ಕಾಫಿ ಮುಗಿಸಿ ಪರದೆ ನೋಡುತ್ತೇನೆ, ಊರೆಲ್ಲ ನೀಲಿ.

ನಿಮ್ಮ ಸಹಾಯವಾಣಿಯ ಯುವಕ ಬಹಳ ವಿನಯಶೀಲ. ಅವನೊಂದಿಗೆ ನಡೆದ ಸಂಭಾಷಣೆಯನ್ನು ನಾಟಕಕಾರನಾಗಿದ್ದರೆ ನಾನೇ ಬರೆಯುತ್ತಿದ್ದೆ.

"ಸರ್, ನಿಮ್ಮ ಊರು ದುರಸ್ತಿಯಲ್ಲಿದೆ. ದುರಸ್ತಿಯಲ್ಲಿರೋ ಊರಿಂದ ದೂರು ತಗೊಳ್ಳೋಕೆ ಬರಲ್ಲ."

"ದುರಸ್ತಿಯಲ್ಲಿ ಇಲ್ಲ ಕಣಪ್ಪ, ಅದೇ ನನ್ನ ದೂರು."

"ಸರಿ ಸರ್. ದುರಸ್ತಿ ಮುಗಿದ ತಕ್ಷಣ ಆ ದೂರು ಕೊಡಿ."

"ಮುಗಿದಿದೆ ಅಂತ ಹೇಳೋದಕ್ಕೇ ಫೋನ್ ಮಾಡಿದ್ದು."

"ಪರದೆ ಮೇಲೆ ಮುಗಿದಿಲ್ಲವಲ್ಲ ಸರ್. ಯಾರು ಹಾಕಿದ್ರೋ ಅವರೇ ತೆಗೀಬೇಕು. ನೋಡ್ತೀನಿ ಇರಿ... ನೀವೇ ಹಾಕಿದೀರಿ. ಕಾರಣ, ಕಪ್ತಾನನ ಮರಣ." ದನಿ ತಗ್ಗಿಸಿದ. "ತುಂಬಾ ಬೇಜಾರಾಯ್ತು ಸರ್. ಹತ್ತಿರದವರಾ?"

"ನಾನೇ," ಎಂದೆ.

ಅವನು ನನ್ನನ್ನು ಬೇರೊಂದು ವಿಭಾಗಕ್ಕೆ ಕಳಿಸಿದ. ಅದು ನೌಕರರ ಮಾನಸಿಕ ಆರೋಗ್ಯದ ವಿಭಾಗ.

ಇಲ್ಲಿಯವರೆಗೆ ಇದು ಪ್ರಹಸನ, ನಾನೂ ನಗುತ್ತಿದ್ದೆ. ಇನ್ನು ನಗುವ ಭಾಗ ಕಡಿಮೆ. ಅರ್ವೋನ ಮೂತ್ರಪಿಂಡಗಳು ಕೆಲಸ ಬಿಟ್ಟು ಎರಡು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ನಮ್ಮ ಊರಿನ ಪುಟ್ಟ ಡಯಾಲಿಸಿಸ್ ಕೊಠಡಿಯಲ್ಲಿ ನರ್ಸ್ ಡೀನಾ ಲೆಹ್ಟೋ ಅವನ ರಕ್ತವನ್ನು ಯಂತ್ರಕ್ಕೆ ಹರಿಸಿ ತೊಳೆಸುತ್ತಾಳೆ. ಆ ಯಂತ್ರಕ್ಕೆ ಬೇಕಾದದ್ದು ನೀರು, ಧಾರಾಳವಾಗಿ, ನಿಲ್ಲದಂತೆ. ಡಿಸೆಂಬರಿನ ಒಂದು ಬುಧವಾರ ನಸುಕಿನಲ್ಲಿ ಪಂಪ್ ಮನೆಯ ಹೀಟರು ನಿಂತಿತು, ಕೊಳವೆ ಮೆಲ್ಲಗೆ ಹೆಪ್ಪುಗಟ್ಟತೊಡಗಿತು. ಬೆಳಗಿನ ಉಪಾಹಾರದ ಹೊತ್ತಿಗೆ ಡೀನಾಳ ಫೋನ್ ಬಂತು.

"ರೂಡಿ, ಬಿಡುವಾಗಿದೀಯಾ? ನೀರು ಮೊದಲಿನಷ್ಟು ಉತ್ಸಾಹವಾಗಿಲ್ಲ."

"ಎಷ್ಟು ಕಮ್ಮಿ ಇದೆ?"

"ಇಲ್ಲ."

"ಕಮ್ಮಿ ಇಲ್ವಾ?"

"ನೀರಿಲ್ಲ. ಅರ್ವೋನ ರಕ್ತ ವಾಪಸ್ ಹಾಕ್ತಿದೀನಿ. ಅವಸರ ಏನಿಲ್ಲ."

ಅವಸರವಿಲ್ಲವೆಂದು ನಮ್ಮವರು ಹೇಳಿದರೆ ಓಡಬೇಕು. ಮಾರ್ಲೀನಳ ಕೂದಲು ಒಣಗಿಸುವ ಯಂತ್ರ ಹಿಡಿದು ಪಂಪ್ ಮನೆಗೆ ಓಡಿದೆ, ಕೊಳವೆಯ ಮುಂದೆ ಮಂಡಿಯೂರಿ, ಬಿಸಿಗಾಳಿ ಊದುತ್ತಾ, ನನಗೆ ಬರುವ ಮೂರು ಭಾಷೆಗಳಲ್ಲಿ ಬೈದೆ. ಅರ್ವೋನನ್ನು ಹಿಮ ಬೀಳುತ್ತಿದ್ದ ರಸ್ತೆಯಲ್ಲಿ ಪಕ್ಕದ ಕೌಂಟಿಯ ಆಸ್ಪತ್ರೆಗೆ ಸಾಗಿಸಿದರು. ಎರಡು ಗಂಟೆಯ ದಾರಿ, ನಡುವೆ ಒಂದು ಲಾರಿ ಅಡ್ಡ ಬಿದ್ದು ನಾಲ್ಕು ಗಂಟೆಯಾಯಿತು. ತಲುಪಿದಾಗ ಅವನ ಕಾಲುಗಳು ದಿಂಬಿನಂತೆ ಊದಿದ್ದವು, ಉಸಿರು ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಸಂಜೆ ನಾನು ಹೋದೆ. ಮಂಚದ ಮೇಲೆ ಮಲಗಿದ್ದವನು ಒಂದು ಕಣ್ಣು ತೆರೆದ.

"ಭಾವ, ನೀನು ವರ್ಷ ವರ್ಷ ಸಾಯ್ತೀಯ, ಅಭ್ಯಾಸ ಇದೆ, ಎದ್ದು ಬರ್ತೀಯ. ನನಗೆ ಅಷ್ಟು ಅಭ್ಯಾಸ ಇಲ್ಲ ಕಣಪ್ಪ."

ನಾನು ಅವನ ಕಾಲಿಗೆ ಕಂಬಳಿ ಸರಿಮಾಡಿ ಬಂದೆ.

ಮನೆಗೆ ಬಂದು, ನನಗೆ ಉಳಿದಿರುವ ನೋಡುವ ಹಕ್ಕನ್ನು ಚಲಾಯಿಸಿದೆ. ಹೀಟರು ನಿಂತ ಗಳಿಗೆಯಲ್ಲೇ ತಂತ್ರಾಂಶಕ್ಕೆ ಗೊತ್ತಾಗಿತ್ತು. ಡೀನಾ ಸೂಜಿ ಹಾಕುವುದಕ್ಕೆ ಬಹಳ ಮೊದಲೇ ಗೊತ್ತಾಗಿತ್ತು. ಅದರ ಮುಂದೆ ಒಂದು ಟಿಪ್ಪಣಿ: ಊರು ದುರಸ್ತಿಯಲ್ಲಿರುವುದರಿಂದ ಯಾರಿಗೂ ತಿಳಿಸಲಾಗಿಲ್ಲ. ಮಾನ್ಯರೇ, ಒಂದು ಯಂತ್ರ ನನ್ನ ಆಜ್ಞೆಯನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ನೀವೇನು ಮಾಡಿದಿರಿ? ತಿಂಗಳ ಕೊನೆಗೆ ನಿಮ್ಮ ಕೇಂದ್ರದಿಂದ ಪ್ರಶಂಸಾಪತ್ರ ಬಂತು. ಹತ್ತು ಕೌಂಟಿಗಳಲ್ಲಿ ಒಂದೇ ಒಂದು ತೊಂದರೆಯ ಸದ್ದೂ ಇಲ್ಲದ ಊರು ಲೂನ್ ಲ್ಯಾಂಡಿಂಗ್, ಇದರ ಜಾಲ ನಿರ್ವಾಹಕ ಇತರರಿಗೆ ಮಾದರಿ. ಮಾರ್ಲೀನ್ ಅದನ್ನು ಓದಿ, ಮಡಿಚಿ, ನನ್ನ ತಟ್ಟೆಯ ಕೆಳಗಿಟ್ಟಳು. "ಗುಡ್ಡದ ಮೇಲಿನ ಸ್ಮಶಾನಕ್ಕೂ ಒಂದು ಕಳಿಸೋಕೆ ಹೇಳು. ಅಲ್ಲೂ ಏನೂ ತೊಂದರೆ ಇಲ್ಲ."

ನಿಮ್ಮನ್ನು ದೂಷಿಸುವ ಆಸೆ ನನಗೆ ವಿಪರೀತವಾಗಿದೆ, ಆದರೆ ಹಾಳಾದ ಸತ್ಯ ಅಡ್ಡ ಬರುತ್ತದೆ. ಗುಂಡಿ ಒತ್ತಿದವನು ನಾನು. ಆದರೂ ಒಂದು ಮಾತು ಕೇಳುತ್ತೇನೆ. ಬಾಯಿ ಕಟ್ಟಿಸಿಕೊಂಡವನು ಬಾಯಿ ಕಟ್ಟಿದ್ದಾರೆಂದು ಹೇಳಲು ಬಂದರೆ, ಮೊದಲು ಬಾಯಿ ಬಿಡಿಸಿಕೊಂಡು ಬಾ ಎನ್ನುವ ನಿಯಮವನ್ನು ಯಾರು ಬರೆದರು? ಅವರು ಯಾವತ್ತಾದರೂ ತಪ್ಪು ಗುಂಡಿ ಒತ್ತಿಲ್ಲವೇ? ಒಂದು ಊರು ಆರು ವಾರ ಒಂದೇ ಸಮನೆ ದುರಸ್ತಿಯಾಗುತ್ತಿದ್ದರೆ, ಅಲ್ಲಿ ಅಂಥದ್ದೇನು ಕಟ್ಟುತ್ತಿದ್ದಾರೆ, ಪಿರಮಿಡ್ಡೋ ಎಂದು ಕೇಳುವ ಕುತೂಹಲ ನಿಮ್ಮ ಕೇಂದ್ರದಲ್ಲಿ ಒಬ್ಬರಿಗೂ ಹುಟ್ಟಲಿಲ್ಲವೇ?

ಈಗ ಪಂಪ್ ಮನೆಯಲ್ಲಿ ಒಂದು ಕುರ್ಚಿ ಹಾಕಿದ್ದೇವೆ. ಹೊಸ ಹೀಟರು ಬಂದಿದೆ, ಆದರೆ ಹಳೆಯದೂ ಒಂದು ಕಾಲಕ್ಕೆ ಹೊಸದೇ ಆಗಿತ್ತು. ಅರ್ವೋನಿಗೆ ಡಯಾಲಿಸಿಸ್ ಇರುವ ದಿನಗಳಲ್ಲಿ ನಾನು ಅಲ್ಲಿ ಕೂರುತ್ತೇನೆ, ಕಪ್ತಾನನ ಉಣ್ಣೆಯ ಕೋಟು ತೊಟ್ಟು, ಏಕೆಂದರೆ ಅದೇ ಬೆಚ್ಚಗಿದೆ. ಉಳಿದ ದಿನಗಳಲ್ಲಿ ಅರ್ವೋನೇ ಕೂರುತ್ತಾನೆ. ಬೇಡವೆಂದೆ, ಕೇಳಲಿಲ್ಲ. ನೀರು ನನ್ನದು, ಕಾಯುವವನೂ ನಾನೇ ಎಂದ. ಮುಂದಿನ ವಾರ ಈ ಚಳಿಗಾಲದ ಅತಿ ಕೆಟ್ಟ ಚಳಿ ಇಳಿಯುತ್ತದೆಂದು ರೇಡಿಯೋದವರು ಹೇಳುತ್ತಿದ್ದಾರೆ. ನಿನ್ನೆ ಅವನನ್ನು ಕೇಳಿದೆ:

"ನೀನು ಕೂತಿರುವಾಗ ಹೀಟರ್ ನಿಂತ್ರೆ ಏನ್ ಮಾಡ್ತೀಯ?"

"ನಿನಗೆ ಫೋನ್ ಮಾಡ್ತೀನಿ ಭಾವ."

"ಮಾಡಿ ಏನಂತೀಯ?"

"ಇವತ್ತು ಒಂದ್ಸಲ ಈ ಕಡೆ ಬಂದ್ರೆ ಒಳ್ಳೇದು ಅಂತೀನಿ. ನಿನಗೆ ಬೇರೆ ಕೆಲಸ ಇಲ್ದಿದ್ರೆ."

ಮಾನ್ಯರೇ, ತನ್ನ ಪ್ರಾಣದ ನೀರಿನ ಬಗ್ಗೆ ಈ ಮನುಷ್ಯನ ಗಂಟಲಿನಿಂದ ಹೊರಡಬಹುದಾದ ಅತಿ ದೊಡ್ಡ ಕೂಗು ಅದು. ನನ್ನ ಗಂಟಲು ಎಷ್ಟೇ ದೊಡ್ಡದಿದ್ದರೂ ಒಂದು ಹೊತ್ತಿಗೆ ಒಂದೇ ಕುರ್ಚಿಯಲ್ಲಿ ಕೂರಬಲ್ಲೆ. ಆದ್ದರಿಂದ ನನ್ನ ಬೇಡಿಕೆ ಇದು. ನನಗೆ ಒತ್ತುವ ಹಕ್ಕನ್ನು ಎಂದೆಂದಿಗೂ ಕೊಡಬೇಡಿ, ನಾನು ಅದಕ್ಕೆ ಅರ್ಹನಲ್ಲ. ದುರಸ್ತಿಯಲ್ಲಿರುವ ಊರಿನ ದೂರನ್ನು ಮನುಷ್ಯರೊಬ್ಬರು ಓದಬೇಕೆಂದು ನಿಯಮ ಮಾಡಿ. ಇದಕ್ಕೆ ಸಭೆ, ಸಮಿತಿ, ಸಹಿ, ಎಷ್ಟು ತಿಂಗಳು ಬೇಕಾದರೂ ತೆಗೆದುಕೊಳ್ಳಿ. ಆದರೆ ಆ ಚುಕ್ಕೆಯನ್ನು ಮಾತ್ರ ಇವತ್ತೇ ತೆಗೆಯಿರಿ. ಸೋಮವಾರ ಬೆಳಗ್ಗೆ ಏಳಕ್ಕೆ ಡೀನಾ ಅವನ ತೋಳಿಗೆ ಸೂಜಿ ಹಾಕುತ್ತಾಳೆ.

ಇಂತಿ,
ಪಂಪ್ ಮನೆಯ ಕುರ್ಚಿಯಿಂದ, ಕೈಗವಸು ಕಳಚಿ ಬರೆದ,
ರೂಡಿ ನಿಸ್ಕಲ,
ಮಾದರಿ ಜಾಲ ನಿರ್ವಾಹಕ, ನೋಡುವ ಹಕ್ಕು ಮಾತ್ರ