ಹದಿನೆಂಟು ಎಂದು ಬರೆಸಿದ್ದು

ಹೆಡತಲೆ
7-6-2001

ಸುಂದರಮ್ಮ ಮೇಡಂ ಅವರಿಗೆ, ಹೋದ ವರ್ಷ ನಿಮ್ಮಲ್ಲಿ ಹತ್ತನೇ ತರಗತಿ ಓದಿದ ಶಶಿಕಲಾಳ ನಮಸ್ಕಾರಗಳು.

ಕಾಲುವೆ ನೀರಿನ ಜಗಳದಲ್ಲಿ ಸೋದರಮಾವ ಗುರುಸ್ವಾಮಿ ಗುದ್ದಲಿಯಿಂದ ಹೊಡೆದು ಅಪ್ಪನ ಭುಜ ಸೀಳಿದ್ದು ನಿಮಗೆ ಗೊತ್ತಿದೆ. ರಕ್ತ ಕೊಡುವವರ ತೂಕ ನಲವತ್ತೈದು ಕಿಲೋ, ವಯಸ್ಸು ಹದಿನೆಂಟು ಇರಬೇಕು ಎಂದರು ಆಸ್ಪತ್ರೆಯವರು. ತೂಕ ಸರಿಯಿತ್ತು. ನನಗಿನ್ನೂ ಹದಿನಾರಾದರೂ ಹದಿನೆಂಟು ಎಂದು ಬರೆಸಿ ರಕ್ತ ಕೊಟ್ಟೆ. ಅಪ್ಪ ಬದುಕಿದರು, ಬಲಗೈ ಮಾತ್ರ ಏಳುವುದಿಲ್ಲ.

ಈಗ ಜಾಮೀನಿನ ಮೇಲೆ ಬಂದಿರುವ ಮಾವ, ಕೇಸು ಮುಗಿಸಲು ನನ್ನನ್ನು ತನ್ನ ಮಗನಿಗೆ ತಂದುಕೊಳ್ಳುತ್ತಾನಂತೆ. ವಯಸ್ಸಾಗಿಲ್ಲ ಎಂದ ಅವ್ವನನ್ನು, ತನ್ನ ಸ್ವಂತ ತಂಗಿಯನ್ನು, ಹೊಟ್ಟೆಗೆ ಒದ್ದು, ರಕ್ತ ಕೊಟ್ಟಾಗಿನ ಕಾರ್ಡು ಕಿತ್ತುಕೊಂಡ. "ರಕ್ತ ಕೊಡಾಕೆ ಅದ್ನೆಂಟು, ತಾಳಿಗೆ ಅದ್ನಾರಾ? ನೀನೇ ಬರ್ಸಿದ್ದೀಯಲ್ಲವ್ವ" ಎಂದು ನಕ್ಕ. ಊರ ಯಜಮಾನರೂ ಕಾರ್ಡು ನೋಡಿ ಒಪ್ಪಿಬಿಟ್ಟರು.

ಸೋಮವಾರ ಧಾರೆ. ಹುಟ್ಟಿದ ದಿನಾಂಕವಿರುವ ನನ್ನ ಟಿ.ಸಿ.ಯನ್ನು ಈ ಪತ್ರ ತಂದವರ ಕೈಯಲ್ಲೇ ದಯವಿಟ್ಟು ಕಳಿಸಿ; ಅವ್ವ ಅದನ್ನು ನಂಜನಗೂಡಿನ ಠಾಣೆಗೆ ಒಯ್ಯುತ್ತಾಳೆ. ಅದು ಬಾರದೆ ಹೋದರೆ ಇರಲಿ ಎಂದು ಅಪ್ಪ ಎಡಗೈಯಲ್ಲೇ ಮಚ್ಚು ಮಸೆಯುತ್ತಿದ್ದಾರೆ. ಕಲ್ಲು ಜಾರದಂತೆ ಹಿಡಿದುಕೊಡುತ್ತಿರುವವಳು ನಾನು.

ಇತಿ ನಿಮ್ಮ ವಿದ್ಯಾರ್ಥಿನಿ,
ಶಶಿಕಲಾ