ಚಕ್ರ ಬಿದ್ದ ಉತ್ತರ

ನವೆಂಬರ್ 20, ಸೋಮವಾರ

ಮತ್ತೆ ರೂಮಿನ ಜಗಳ. ಹತ್ತು ಗಂಟೆಯ ದೊಡ್ಡ ಕೊಠಡಿಯನ್ನು ಭೌತಶಾಸ್ತ್ರದವರು ಸದ್ದಿಲ್ಲದೆ ಬುಕ್ ಮಾಡಿಕೊಂಡಿದ್ದಾರೆ. ನಮ್ಮ ಮೊದಲ ವರ್ಷದ ಮಕ್ಕಳನ್ನು ಎಲ್ಲಿ ಕೂರಿಸಲಿ, ನನ್ನ ತಲೆಯ ಮೇಲಾ? ಡಿಗ್ರಿ ಗಣಿತದ ಕೋಆರ್ಡಿನೇಟರ್ ಆದ ಮೇಲೆ ಗಣಿತ ಮಾಡಿದ್ದು ಯಾವಾಗ, ನೆನಪಿಲ್ಲ. ಟೈಮ್‌ಟೇಬಲ್ ಮಾಡುತ್ತೇನೆ. ಪೋಷಕರ ಫೋನಿಗೆ ಉತ್ತರ ಕೊಡುತ್ತೇನೆ. ಪ್ರೊಜೆಕ್ಟರಿನ ವೈರು ಹುಡುಕುತ್ತೇನೆ.

ಸಂಜೆ — ಅನಾಲಿಸಿಸ್-ಒಂದರ ಪೇಪರ್ ತಿದ್ದಿ ಮುಗಿಸಿದೆ. ನನ್ನ ಪಾಲಿಗೆ ಮೂರನೇ ಪ್ರಶ್ನೆ. ಒಬ್ಬೊಬ್ಬರು ಒಂದೊಂದೇ ಪ್ರಶ್ನೆ ತಿದ್ದುವ ಪದ್ಧತಿ ನಾನೇ ತಂದದ್ದು. ಎಲ್ಲರಿಗೂ ಒಂದೇ ಅಳತೆ ಸಿಗಲಿ ಅಂತ. ನನ್ನದು ಹಸಿರು ಪೆನ್ನು. ನಾಲ್ಕನೆಯದು ದೊಡ್ಡ ಮೇಷ್ಟ್ರದ್ದು, ಕೆಂಪು. ನನಗೆ ಈ ಗಣಿತದ ಹುಚ್ಚು ಹಿಡಿಸಿದವರೇ ಅವರು. ಬರುವ ತಿಂಗಳ ಕೊನೆಗೆ ರಿಟೈರ್. ಈಗಲೂ ಬಾಗಿಲಲ್ಲಿ ಕಂಡರೆ ಎದ್ದು ನಿಲ್ಲುತ್ತೇನೆ.

ಈ ಸಲವೂ ಚಕ್ರ ಜಾಸ್ತಿಯಂತೆ. ಯಾವುದನ್ನು ಸಾಧಿಸಬೇಕೋ ಅದನ್ನೇ ಎಲ್ಲೋ ಒಳಗೆ ನಂಬಿಕೊಂಡು ಸಾಧಿಸಿದರೆ, ನಮ್ಮಲ್ಲಿ ಅಂಚಿಗೆ ಒಂದು ಕೆಂಪು ಚಕ್ರ. ಚಕ್ರ ಬಿದ್ದರೆ ಸೊನ್ನೆ, ಮುಂದೆ ಓದುವುದಿಲ್ಲ. ವಿಭಾಗದ ಹಳೇ ಕಟ್ಟಳೆ. ಸುತ್ತಿ ಬಳಸಿ ಹೊರಟಲ್ಲಿಗೇ ಬರುವವರ ಹಿಂದೆ ನಾವೇಕೆ ಓಡಬೇಕು?

ಡಿಸೆಂಬರ್ 4

ರಿಸಲ್ಟ್. ಬೆಳಿಗ್ಗೆಯಿಂದ ಬಾಗಿಲ ಮುಂದೆ ಸಾಲು. ಅತ್ತವರು, ಜಗಳವಾಡಿದವರು, ಜ್ವರ ಇತ್ತು ಅಂದವರು. ಎಲ್ಲ ಮಾಮೂಲು.

ಮಾಮೂಲಲ್ಲದ್ದು ಒಂದೇ — ಕಿಟಕಿ ಹುಡುಗಿ ಫೇಲ್. ಮೂಲೆಯ ಕಿಟಕಿಯ ಪಕ್ಕ ಕೂರುವವಳು. ತರಗತಿಯಲ್ಲಿ ಬಾಯಿ ಬಿಡುವುದು ಕಡಿಮೆ, ಬಿಟ್ಟರೆ ನಾನು ಬೋರ್ಡ್ ಅರ್ಧ ಒರೆಸಿ ಮತ್ತೆ ಬರೆಯಬೇಕು. ನಾಲ್ಕನೇ ಪ್ರಶ್ನೆಗೆ ಚಕ್ರ ಬಿದ್ದಿದೆ. ಅದೊಂದಕ್ಕೆ ಅಂಕ ಸಿಕ್ಕಿದ್ದರೆ ಪಾಸು. ಅನಾಲಿಸಿಸ್ ವರ್ಷಕ್ಕೆ ಒಂದೇ ಸಲ. ಒಂದನೆಯದು ಪಾಸಾಗದೆ ಎರಡನೆಯದಕ್ಕೆ ಪ್ರವೇಶ ಇಲ್ಲ. ಅಂದರೆ ಒಂದು ವರ್ಷ ಮಣ್ಣುಪಾಲು.

ಮೇಲ್ಮನವಿ ಹಾಕಿದ್ದಾಳೆ. ನನ್ನ ಟೇಬಲ್ಲಿಗೇ ಬಂತು.

ಡಿಸೆಂಬರ್ 7

ನಾಲ್ಕನೇ ಪ್ರಶ್ನೆಯ ಹಾಳೆ ತರಿಸಿ ನೋಡಿದೆ. ಎರಡು ನಿಮಿಷ ಸಾಕಾಯಿತು. x ಸೊನ್ನೆಯ ಹತ್ತಿರ ಹೋದಾಗ sin x ಭಾಗಿಸು x ಒಂದಾಗುತ್ತದೆ ಅಂತ ತೋರಿಸಬೇಕು. ಇವಳು ಮೇಲೂ ಕೆಳಗೂ ಡಿಫರೆನ್ಷಿಯೇಟ್ ಮಾಡಿದ್ದಾಳೆ. ಆದರೆ sin ಅನ್ನು ಡಿಫರೆನ್ಷಿಯೇಟ್ ಮಾಡಲು ಬರುವುದೇ ಈ ಉತ್ತರ ಗೊತ್ತಿದ್ದರೆ! ಪ್ರತಿ ವರ್ಷ ಅರ್ಧ ಕ್ಲಾಸು ಬೀಳುವ ಹಳ್ಳ. ಅವಳೂ ಬಿದ್ದಳಲ್ಲ ಅಂತ ಬೇಸರವಾಯಿತು.

ಕರೆಸಿದೆ. ಬೋರ್ಡಿನ ಮೇಲೆ ಬರೆದು, ಬಾಣ ಎಳೆದು, ಚಕ್ರ ಹೇಗೆ ತಿರುಗುತ್ತದೆ ಅಂತ ತೋರಿಸಿದೆ. ಚೆನ್ನಾಗಿಯೇ ಹೇಳಿಕೊಟ್ಟೆ, ಸುಳ್ಳೇಕೆ. ಮಧ್ಯೆ ಅವಳು ಮೂರನೇ ಪ್ರಶ್ನೆ ಅಂತ ಏನೋ ಶುರುಮಾಡಿದಳು. ಅದರಲ್ಲಿ ನಿನಗೆ ಪೂರ್ತಿ ಅಂಕ ಬಂದಿದೆಯಲ್ಲ, ಈಗ ನಾಲ್ಕನೆಯದನ್ನು ನೋಡು ಅಂದೆ. ತುಂಬಾ ಹೊತ್ತು ಬೋರ್ಡನ್ನೇ ನೋಡಿದಳು.

“ಹೌದು ಮೇಡಂ. ನನಗೆ ಕಾಣಿಸ್ಲೇ ಇಲ್ಲ” ಅಂದಳು.

ಒಪ್ಪಿಕೊಂಡಳಲ್ಲ, ಒಳ್ಳೆಯ ಲಕ್ಷಣ ಅಂದುಕೊಂಡೆ.

ಡಿಸೆಂಬರ್ 8

ಸಮಿತಿ. ನಾನು, ದೊಡ್ಡ ಮೇಷ್ಟ್ರು, ಹೊರಗಿನವರಾಗಿ ರಸಾಯನಶಾಸ್ತ್ರದ ಮೇಡಂ. ನಾನು ವಿವರಿಸಿದೆ, ಮೇಷ್ಟ್ರು ತಲೆಯಾಡಿಸಿದರು, ಮೇಡಂ ಗಡಿಯಾರ ನೋಡಿಕೊಂಡರು. ಮೇಲ್ಮನವಿ ವಜಾ. ಟೀ ಬರುವ ಮೊದಲೇ ಮುಗಿಯಿತು.

ಜನವರಿ 3, ಬುಧವಾರ, ಮಧ್ಯಾಹ್ನ

ಈಗಲೇ ಬರೆದುಬಿಡುತ್ತೇನೆ.

ಕಾಲೇಜಿನ ತಪಾಸಣೆಗೆ ಬರುವವರಿಗೆ ತೋರಿಸಲು ಒಳ್ಳೆಯ ಉತ್ತರಗಳ ಮಾದರಿ ಬೇಕಿತ್ತು. ಮೂರನೇ ಪ್ರಶ್ನೆಗೆ ಯಾರದ್ದು ಅಂತ ಯೋಚಿಸಬೇಕಾಗಿರಲಿಲ್ಲ. ಕಿಟಕಿ ಹುಡುಗಿಯ ಪೇಪರ್ ಪೂರ್ತಿ ತರಿಸಿದೆ. ಮೂರನೆಯದು ಅನಂತ ಸರಣಿಗಳ ಪ್ರಶ್ನೆ. ಉದಾಹರಣೆ ಅವರವರ ಇಷ್ಟ. ಅವಳು ತೆಗೆದುಕೊಂಡದ್ದು sin. ಚಿತ್ರ ಇಲ್ಲ, ಕೋನ ಇಲ್ಲ. sin ಅಂದರೆ ಈ ಸರಣಿ, ಇಷ್ಟೇ — ಅಂತ ಶುರು. ಅಲ್ಲಿಂದ ಒಂದೊಂದೇ ಪದ ಡಿಫರೆನ್ಷಿಯೇಟ್ ಮಾಡಿ cos ತಂದಿದ್ದಾಳೆ. sin x ಭಾಗಿಸು x ಒಂದಾಗುತ್ತದೆ ಅನ್ನುವುದರ ಹಂಗೇ ಇಲ್ಲ. ಕೆಳಗೆ ನನ್ನ ಹಸಿರು ಟಿಕ್. ದೊಡ್ಡದಾಗಿ.

ಪುಟ ತಿರುವಿದರೆ ನಾಲ್ಕನೆಯದು. ಮೊದಲ ಸಾಲೇ: “ಹಿಂದಿನ ಪುಟದಲ್ಲಿ ತೋರಿಸಿದ್ದರಿಂದ.” ಅವತ್ತು ಆ ಎರಡು ನಿಮಿಷದಲ್ಲಿ ನಾನು ಹಾರಿಸಿಬಿಟ್ಟ ಸಾಲು.

ಚಕ್ರ ಇಲ್ಲ. ಇರಲೇ ಇಲ್ಲ. ನೆಟ್ಟಗೆ ನಡೆದುಕೊಂಡು ಹೋಗಿದ್ದಾಳೆ. ಆ ಹಿಂದಿನ ಪುಟ ಓದಿದ್ದವಳು ಇಡೀ ಕಟ್ಟಡದಲ್ಲಿ ನಾನೊಬ್ಬಳೇ. ಓದಿ, ಮೆಚ್ಚಿ, ಟಿಕ್ ಹಾಕಿ, ಮರೆತೆ. ಆಮೇಲೆ ಅವಳನ್ನೇ ನಿಲ್ಲಿಸಿಕೊಂಡು ಪಾಠ ಹೇಳಿದೆ.

ಎರಡೂ ಪುಟ ಚೀಲಕ್ಕೆ ಹಾಕಿಕೊಂಡೆ.

ಜನವರಿ 4

ದೊಡ್ಡ ಮೇಷ್ಟ್ರ ಮನೆಗೆ ಹೋದೆ. ಹಳೇ ಪುಸ್ತಕ ಡಬ್ಬಿಗೆ ತುಂಬುತ್ತಿದ್ದರು. ಬೈಯುತ್ತಾರೆ, ವಾದಿಸುತ್ತಾರೆ ಅಂತ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡಿದ್ದೆ. ನಿಂತಲ್ಲೇ ಎರಡೂ ಪುಟ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು.

“ಸರಿಯಾಗೇ ಇದೆಯಲ್ಲಮ್ಮ” ಅಂದರು. “ಇಷ್ಟು ವರ್ಷದಲ್ಲಿ ಇನ್ನೆಷ್ಟು ಜನಕ್ಕೆ ಹಿಂಗೆ ಹಾಕಿದೀನೋ.”

ಸಮಾಧಾನ ಹೇಳಬೇಕಿತ್ತು. ಪೆನ್ನು ಮುಂದೆ ಹಿಡಿದೆ. ಹೊಸ ಅಂಕ ಬರೆದು ಸಹಿ ಮಾಡಿದರು. ಬಾಗಿಲ ತನಕ ಬಂದರು. ಹುಡುಗಿಗೆ ನೀನೇ ಹೇಳು, ಕಾಗದ ಕಳಿಸಿ ಕೈ ತೊಳೆದುಕೊಳ್ಳಬೇಡ ಅಂದರು.

ಜನವರಿ 5

ಡೀನ್ ಪೇಚಾಡಿದರು. ಸಮಿತಿ ತೀರ್ಮಾನಿಸಿದ್ದನ್ನು ಬದಲಿಸಲು ಕೌನ್ಸಿಲ್ಲೇ ಸೇರಬೇಕು, ಅಂದರೆ ಮಾರ್ಚ್. ಅಷ್ಟರಲ್ಲಿ ಅನಾಲಿಸಿಸ್-ಎರಡು ಅರ್ಧ ಮುಗಿದಿರುತ್ತದೆ. ಕೂಡುವುದರಲ್ಲಿ ತಪ್ಪಾಗಿದೆ ಅಂತ ಬರೆದುಕೊಟ್ಟರೆ ಇವತ್ತೇ ಆಗುತ್ತದೆ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ ಅಂದರು.

ಗಣಿತ ವಿಭಾಗಕ್ಕೆ ಕೂಡಲು ಬರುವುದಿಲ್ಲ! ಕ್ಯಾಂಟೀನಿನಲ್ಲಿ ವರ್ಷವಿಡೀ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಚುಚ್ಚಿದ್ದು ಅದಲ್ಲ. ಕೂಡಿದ್ದು ತಪ್ಪು ಅಂತ ಬರೆದರೆ ಅವಳ ಉತ್ತರ ತಪ್ಪಾಗಿಯೇ ಉಳಿಯುತ್ತದೆ. ಅವಳು ಪಾಸು, ಚಕ್ರ ಹಾಗೇ.

ಬರೆದುಕೊಟ್ಟೆ. ಸೋಮವಾರ ಕ್ಲಾಸು ಶುರು, ಅವಳು ಕಿಟಕಿಯ ಪಕ್ಕ ಕೂತಿದ್ದರೆ ಸಾಕು ಅನ್ನಿಸಿತು. ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಜನವರಿ 8, ಸೋಮವಾರ

ಹಾಜರಿ ಕೂಗುವಾಗ ಕಿಟಕಿ ಹುಡುಗಿಯ ಹೆಸರನ್ನೂ ಕೂಗಿದೆ. ಉತ್ತರ ಇಲ್ಲ. ಅವಳ ಪಕ್ಕ ಕೂರುತ್ತಿದ್ದವಳು ಎದ್ದು ನಿಂತಳು. ಅವಳು ಕಾಲೇಜು ಬಿಟ್ಟಿದ್ದಾಳೆ, ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಇದ್ದಾಳೆ ಅಂದಳು. ಯಾಕೆ ಅಂತ ಕೇಳಿದೆ. ಕೇಳಬಾರದಿತ್ತು, ಇಡೀ ಕ್ಲಾಸಿನ ಮುಂದೆ.

“ತನಗೆ ಗಣಿತ ಬರಲ್ವಂತೆ ಮೇಡಂ. ಬರುತ್ತೆ ಅಂದ್ಕೊಂಡಿದ್ದೇ ತಪ್ಪಾಯ್ತು ಅಂತಿದ್ಲು.”

ಪಾಠ ಮಾಡಿದೆ. ಏನು ಮಾಡಿದೆನೋ.

ಜನವರಿ 9

ಕೊನೆಗೂ ಫೋನ್ ಎತ್ತಿದಳು. ಹಿಂದೆ ಹೊಲಿಗೆ ಯಂತ್ರದ ಸದ್ದು. ಒಂದೇ ಉಸಿರಿಗೆ ಎಲ್ಲ ಹೇಳಿದೆ — ಉತ್ತರ ಸರಿ ಇತ್ತು, ತಪ್ಪು ನನ್ನದು, ನೀನು ಪಾಸು, ನಾಳೆಯೇ ಬಾ. ಕುಣಿಯುತ್ತಾಳೆ ಅಥವಾ ಅಳುತ್ತಾಳೆ ಅಥವಾ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು.

“ಅವತ್ತೂ ನೀವು ಇಷ್ಟೇ ಖಚಿತವಾಗಿ ಹೇಳಿದ್ರಿ ಮೇಡಂ” ಅಂದಳು. ಸಿಟ್ಟಿರಲಿಲ್ಲ. “ಮನೆಗೆ ಬಂದು ನಾನೂ ಮತ್ತೆ ನೋಡ್ದೆ. ನೀವು ಹೇಳಿದ ಹಾಗೇ ಚಕ್ರ ಕಾಣಿಸ್ತು. ಇಲ್ದೇ ಇರೋದು ಕಾಣಿಸ್ತು ಅಂದ್ರೆ, ಇನ್ನು ನಾನು ನೋಡಿದ್ದನ್ನ ಹೆಂಗೆ ನಂಬ್ಲಿ?”

ಗಿರಾಕಿ ಬಂದರು ಅಂತ ಇಟ್ಟುಬಿಟ್ಟಳು.

ಸಂಜೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಬ್ಯಾಂಕಿನ ಮನುಷ್ಯ, ಎಲ್ಲದಕ್ಕೂ ಒಂದು ತಮಾಷೆ ಇರುತ್ತದೆ. ಇವತ್ತು ಇರಲಿಲ್ಲ. ಟಿವಿ ಆರಿಸಿ ಪಕ್ಕ ಕೂತರು, ಅಷ್ಟೇ.

ಜನವರಿ 14, ಭಾನುವಾರ

ಹೊಲಿಗೆ ಅಂಗಡಿಗೆ ಹೋಗಿ ಬಂದೆ. ಚಿಕ್ಕ ಅಂಗಡಿ, ಬೀದಿಯ ತುದಿಗೆ. ಚಿಕ್ಕಮ್ಮ ಸ್ಟೂಲು ಕೊಟ್ಟರು, ಮುಖ ಕೊಡಲಿಲ್ಲ. ಅವಳು ಕುಪ್ಪಸವೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು.

ಕ್ಷಮಾಪಣೆ, ಸಮಜಾಯಿಷಿ, ಎಲ್ಲ ಬರೆದುಕೊಂಡು ಹೋಗಿದ್ದೆ. ಅವಳನ್ನು ನೋಡಿದ ಮೇಲೆ ಜೇಬಿನಿಂದ ತೆಗೆಯಲಿಲ್ಲ. ನಾನು ಇನ್ನೇನು ಹೇಳಿದರೂ ಅದು ಮೂರನೇ ಸಲ ನಾನು ಹೇಳಿದ್ದೇ ಆಗುತ್ತದೆ. ಖಾಲಿ ಹಾಳೆ, ಪೆನ್ನು ಮುಂದಿಟ್ಟೆ. ನೀನೇ ಬರಿ, ನಾನು ಬಾಯಿ ಬಿಡುವುದಿಲ್ಲ ಅಂದೆ.

ಸೂಜಿ ಚುಚ್ಚಿಟ್ಟು ಹಾಳೆ ಹತ್ತಿರ ಎಳೆದುಕೊಂಡಳು. ಮೊದಲ ಸಾಲಿಗೇ ತುಂಬಾ ಹೊತ್ತಾಯಿತು. ಆಮೇಲೆ ಕೈ ಓಡಿತು. ಸರಣಿ, ಒಂದೊಂದೇ ಪದ, cos, ಕೊನೆಗೆ ಒಂದು. ಒಂದಕ್ಷರ ತಪ್ಪಿಲ್ಲ.

ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.

“ಸರಿ ಇದೆಯಾ ಮೇಡಂ?”

ಹೌದು ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಹಾಳೆಯನ್ನು ಮತ್ತೆ ಅವಳ ಕಡೆಗೇ ತಿರುಗಿಸಿದೆ. ನೀನು ಹೇಳು ಅಂದೆ.

ಹಾಳೆ ನೋಡಿದಳು. ನನ್ನ ಮುಖ ನೋಡಿದಳು — ಅಲ್ಲೇನಾದರೂ ಬರೆದಿದೆಯಾ ಅಂತ. ತಲೆ ತಗ್ಗಿಸಿಕೊಂಡೆ. ಮತ್ತೆ ಹಾಳೆಗೇ ಹೋದಳು. ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಎರಡನೆಯದಕ್ಕೆ ಬಂದಳು. ಮೂರನೆಯದರಲ್ಲಿ ಬೆರಳು ನಿಂತಿತು, ತುಂಬಾ ಹೊತ್ತು ನಿಂತಿತು, ಆಮೇಲೆ ತಾನಾಗಿಯೇ ನಾಲ್ಕನೆಯದಕ್ಕೆ ಸರಿಯಿತು.