‘ಪರವಾಗಿಲ್ಲ’ ಎಂದವರ ಊರಿಗೆ ಗಾಳಿಯಂತ್ರ ಬೇಡವಂತೆ

ಮಾನ್ಯ ಸಚಿವರೇ,

ನಮ್ಮ ಊರಿಗೆ ಗಾಳಿಯಂತ್ರ ಬೇಡ ಎಂಬ ಸಂಗತಿ ನಮಗೆ ನಿಮ್ಮಿಂದಲೇ ತಿಳಿಯಿತು. ಧನ್ಯವಾದ. ಯಾರ್ಕ್‌ಶೈರ್‌ನ ಈ ಕಣಿವೆಯಲ್ಲೇ ಹುಟ್ಟಿ, ಇಲ್ಲೇ ಅಂಚೆ ಕಚೇರಿ ನಡೆಸಿ, ಯಾರ ಮನೆಗೆ ಎಂಥ ಕಾಗದ ಬಂದರೆ ಯಾರ ಮುಖ ಹೇಗಾಗುತ್ತದೆ ಎಂಬುದನ್ನೆಲ್ಲ ಬಲ್ಲ ನನಗೂ ಈ ಸುದ್ದಿ ಗೊತ್ತಿರಲಿಲ್ಲ. ನಿಮ್ಮ ಆದೇಶ ಹೇಳುತ್ತದೆ: ‘ಹ್ಯಾಗ್‌ತ್ವೇಟ್ ಗ್ರಾಮದಲ್ಲಿ ನಡೆಸಿದ ಜನಾಭಿಪ್ರಾಯ ಸಮೀಕ್ಷೆಯ ಪ್ರಕಾರ ಯೋಜನೆಯನ್ನು ಬಲವಾಗಿ ಬೆಂಬಲಿಸುವವರು ನೂರಕ್ಕೆ ನಾಲ್ವರು ಮಾತ್ರ. ಸ್ಥಳೀಯರ ಮನಸ್ಸಿಗೆ ವಿರುದ್ಧವಾಗಿ ಅನುಮತಿ ನೀಡಲಾಗದು.’ ಓದಿ ನನ್ನ ಕಣ್ಣು ತುಂಬಿ ಬಂತು. ಸರ್ಕಾರವೊಂದು ನಮ್ಮ ಮನಸ್ಸಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡದ್ದು ಇದೇ ಮೊದಲು. ಬಸ್ಸು ನಿಲ್ಲಿಸುವಾಗ ನಮ್ಮನ್ನು ಕೇಳಿರಲಿಲ್ಲ. ಶಾಲೆ ಮುಚ್ಚುವಾಗ ಕೇಳಿರಲಿಲ್ಲ. ನನ್ನ ಅಂಚೆ ಕಚೇರಿಗೆ ಬೀಗ ಜಡಿಯುವಾಗ ಬೀಗದ ಕೈ ಎಲ್ಲಿದೆ ಎಂಬುದೊಂದನ್ನೇ ಕೇಳಿದ್ದರು.

ನಾವು ಬೇಡಿದ್ದು ಒಂದೇ ಒಂದು ಗಾಳಿಯಂತ್ರ. ಊರ ಮೇಲಿನ ಕುರಿ ಮೇಯುವ ಗುಡ್ಡದಲ್ಲಿ ಒಂದು ಕಂಬ, ಮೂರು ರೆಕ್ಕೆ. ಊರ ಸಭಾಭವನದ ನೆಲಮಾಳಿಗೆಯಲ್ಲಿ ಒಂದಿಷ್ಟು ಬ್ಯಾಟರಿ. ಅಲ್ಲಿಂದ ಮನೆಗಳಿಗೆ ತಂತಿ. ನಾವಿರುವುದು ಕಣಿವೆಯ ಕಟ್ಟಕಡೆಗೆ. ಚಳಿಗಾಲದ ಬಿರುಗಾಳಿಗೆ ಎಲ್ಲೋ ಒಂದು ಮರ ಉರುಳಿದರೆ ಇಲ್ಲಿ ಕತ್ತಲೆ. ರಿಪೇರಿಯವರು ದೊಡ್ಡ ಊರುಗಳಿಂದ ಶುರು ಮಾಡಿ ನಮ್ಮ ತನಕ ಬರುವಷ್ಟರಲ್ಲಿ ಮೂರು ದಿನ ಕಳೆದಿರುತ್ತದೆ. ಬೇರೆ ಮನೆಗಳಲ್ಲಿ ಅದು ಆರಿದ ಸೂಪಿನ, ಕಾಯದ ನೀರಿನ ಕಷ್ಟ. ನನ್ನ ಮನೆಯಲ್ಲಿ ಹಾಗಲ್ಲ. ನನ್ನ ಗಂಡ ಕ್ಲಿಫ್ ಆಯುಷ್ಯವೆಲ್ಲ ಕಲ್ಲುಗಣಿಯಲ್ಲಿ ದುಡಿದು, ಪಿಂಚಣಿಯ ಜೊತೆಗೆ ಎದೆ ತುಂಬ ಧೂಳನ್ನೂ ಮನೆಗೆ ತಂದವನು. ಅವನ ಮೂಗಿಗೊಂದು ನಳಿಕೆ, ನಳಿಕೆಯ ಆ ತುದಿಗೆ ಆಮ್ಲಜನಕದ ಯಂತ್ರ, ಯಂತ್ರದ ಆ ತುದಿಗೆ ಗೋಡೆಯ ಪ್ಲಗ್ಗು. ಪ್ಲಗ್ಗಿನಲ್ಲಿ ಕರೆಂಟ್ ಇಲ್ಲದೆ ಹೋದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಇಂಧನ ಖಾತೆ ನಿಮ್ಮದೇ ತಾನೆ?

ಈ ವಿಷಯಕ್ಕೆ ಊರ ಸಭೆ ನಡೆದಿತ್ತು. ಅಧ್ಯಕ್ಷರು ಎದ್ದು ನಿಂತು, “ಯಾರದಾದ್ರೂ ತಕರಾರಿದ್ಯಾ?” ಎಂದು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. “ಹಾಗಾದ್ರೆ ಆಯ್ತು, ಟೀ ಕುಡಿಯೋಣ,” ಎಂದರು ಅಧ್ಯಕ್ಷರು. ಮುಗಿಯಿತು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ನಮ್ಮಷ್ಟು ನಿಷ್ಠೆಯಿಂದ ಪಾಲಿಸುವ ಜನ ಭೂಮಿಯ ಮೇಲೆ ಇನ್ನೆಲ್ಲೂ ಇರಲಾರರು. ನಮ್ಮಜ್ಜಂದಿರು ಇದೇ ರೀತಿಯಲ್ಲಿ ಚರ್ಚಿಗೆ ಗಂಟೆ ತರಿಸಿದರು, ಇದೇ ರೀತಿಯಲ್ಲಿ ಯುದ್ಧಕ್ಕೂ ಹೋದರು. ಜಿಲ್ಲಾ ಮಂಡಳಿ ನಮ್ಮ ಮೌನವನ್ನು ಸರಿಯಾಗಿಯೇ ಕೇಳಿಸಿಕೊಂಡು ಅನುಮತಿ ಕೊಟ್ಟಿತ್ತು. ಆ ಕಡತವನ್ನು ನೀವು ಲಂಡನ್ನಿಗೆ ಕರೆಸಿಕೊಂಡಿರಿ, ‘ಜನರ ದನಿ ನೇರವಾಗಿ ಕೇಳಬೇಕು’ ಎಂದಿರಿ, ಸಮೀಕ್ಷೆ ಮಾಡುವವರನ್ನು ಕಳಿಸಿದಿರಿ.

ಬಂದಾಕೆಯ ಹೆಸರು ಇಮೊಜೆನ್. ಒಳ್ಳೆಯ ಹೆಂಗಸು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೂವಿನಂಥ ಬೂಟು ಹಾಕಿಕೊಂಡು ಸಗಣಿ ತುಳಿಯುತ್ತ ಮನೆಮನೆಗೂ ಹೋದಳು. ಅವಳ ಕೈಯಲ್ಲೊಂದು ಟ್ಯಾಬ್, ಅದರಲ್ಲಿ ಐದು ಚೌಕ: ಬಲವಾಗಿ ಬೆಂಬಲಿಸುತ್ತೇನೆ, ಬೆಂಬಲಿಸುತ್ತೇನೆ, ಅಭಿಪ್ರಾಯವಿಲ್ಲ, ವಿರೋಧಿಸುತ್ತೇನೆ, ಬಲವಾಗಿ ವಿರೋಧಿಸುತ್ತೇನೆ. ಮೊದಲು ಹೋದದ್ದು ನನ್ನ ನೆರೆಯವನಾದ ಆರ್ಥರ್ ಪೀಕಾಕ್‌ನ ಮನೆಗೆ. ಕಂಬ ನಿಲ್ಲಬೇಕಾದದ್ದು ಆರ್ಥರ್‌ನ ಗುಡ್ಡದಲ್ಲೇ. ಅವನ ಕುರಿಗಳು ಮೇಯುವ ಒಳ್ಳೆಯ ಜಾಗ ಅದು. ಅದನ್ನು ಊರಿಗೆ ಬಿಟ್ಟುಕೊಟ್ಟು, ಬಾಡಿಗೆಯ ಮಾತೆತ್ತಿದವರಿಗೆ ಬೆನ್ನು ತಿರುಗಿಸಿ ಹೋಗಿದ್ದ. ನಾನು ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದೆ, ಎಲ್ಲವೂ ಕಿವಿಗೆ ಬಿತ್ತು.

“ಗಾಳಿಯಂತ್ರದ ಬಗ್ಗೆ ನಿಮ್ಮ ಭಾವನೆ ಏನು, ಸರ್?”

ಆರ್ಥರ್ ಆಕಾಶ ನೋಡಿದ. ನಾಯಿಯನ್ನು ನೋಡಿದ. “ಆ ಫ್ಯಾನಾ? ಇದ್ರೆ ಇರ್ಲಿ ಬಿಡವ್ವ.”

“ಅಂದ್ರೆ ಬೆಂಬಲಿಸ್ತೀರಾ? ಬಲವಾಗಿ ಬೆಂಬಲಿಸ್ತೀರಾ?”

“ಬಲವಾಗಿ ಅಂದ್ರೆ? ನಾನೇನು ಅದನ್ನ ಮದ್ವೆ ಆಗ್ಬೇಕಾ?”

ಇಮೊಜೆನ್ ‘ಅಭಿಪ್ರಾಯವಿಲ್ಲ’ ಎಂಬ ಚೌಕ ಒತ್ತಿದಳು. ತನ್ನ ಗುಡ್ಡವನ್ನೇ ಧಾರೆಯೆರೆದ ಮನುಷ್ಯನಿಗೆ ಅಭಿಪ್ರಾಯವಿಲ್ಲ! ಆಮೇಲೆ ನಮ್ಮ ಮನೆಗೆ ಬಂದಳು. ಟೀ ಕೊಟ್ಟೆ. ನಮ್ಮ ಕಡೆಯ ರೂಢಿಯಂತೆ ಹಣ್ಣಿನ ಕೇಕಿನ ಮೇಲೆ ಚೀಸ್ ತುಂಡಿಟ್ಟು ಕೊಟ್ಟೆ, ಮೊದಲು ಬೆಚ್ಚಿದಳು, ಆಮೇಲೆ ಎರಡನೆಯದನ್ನೂ ತಿಂದಳು. ಅವಳ ಪ್ರಶ್ನೆಗೆ ನಾನು, “ಇದಕ್ಕಿಂತ ಕೆಟ್ಟದ್ದನ್ನ ಎಷ್ಟೋ ನೋಡಿದೀವಮ್ಮ,” ಎಂದೆ. ಅವಳ ಬೆರಳು ‘ವಿರೋಧಿಸುತ್ತೇನೆ’ ಕಡೆ ಹೊರಟಿತು. ಕ್ಲಿಫ್ ತನ್ನ ಕುರ್ಚಿಯಿಂದಲೇ, “ಪರ್ವಾಗಿಲ್ಲ ಅನ್ಸತ್ತೆ,” ಎಂದ. ಅವನದು ಮತ್ತೆ ‘ಅಭಿಪ್ರಾಯವಿಲ್ಲ’. ಅವನ ಮೂಗಿನ ನಳಿಕೆ, ಪಕ್ಕದಲ್ಲಿ ಗುರುಗುಟ್ಟುತ್ತಿದ್ದ ಯಂತ್ರ, ಗೋಡೆಯ ಪ್ಲಗ್ಗು, ಮೂರೂ ಅವಳ ಕಣ್ಣೆದುರಿಗೇ ಇದ್ದವು. ಏನು ಮಾಡುವುದು, ಅವಕ್ಕೆ ಚೌಕವಿರಲಿಲ್ಲ.

ತಪ್ಪು ನಮ್ಮದೇ, ಒಪ್ಪುತ್ತೇನೆ. ನಾವು ಮೆಚ್ಚುಗೆಯನ್ನು ಉಪ್ಪಿನ ಹಾಗೆ ಬಳಸುವವರು. ಊಟ ಅಮೃತದಂತಿದ್ದರೆ ‘ತಿನ್ನಬಹುದು’ ಎನ್ನುತ್ತೇವೆ. ಮಗು ರಾಜಕುಮಾರನ ಹಾಗಿದ್ದರೆ ‘ಮೂಗು ಕಣ್ಣು ಎಲ್ಲ ಇರೋ ಕಡೆ ಇದೆ’ ಎನ್ನುತ್ತೇವೆ. ಜೋರಾಗಿ ಹೊಗಳಿದವನು ಏನನ್ನೋ ಮಾರಲು ಬಂದಿದ್ದಾನೆ ಎಂದು ಸಣ್ಣಂದಿನಿಂದ ಕಲಿತಿದ್ದೇವೆ. ಕ್ಲಿಫ್ ನನ್ನನ್ನು ಮದುವೆಗೆ ಕೇಳಿದ್ದು ಕುರಿ ಸಂತೆಯಲ್ಲಿ, ಟಗರುಗಳ ಹರಾಜಿನ ನಡುವೆ. “ನಾವಿಬ್ರೂ ಒಂದೇ ಮನೇಲಿದ್ರೆ ಹೇಗೆ?” ಎಂದ. “ನಂಗೇನೂ ತೊಂದ್ರೆ ಇಲ್ಲ,” ಎಂದೆ ನಾನು. ಆ ಹೊತ್ತು ನನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಎಂದರೆ, ಕೂಗುತ್ತಿದ್ದ ಹರಾಜಿನವನಿಗೂ ಕೇಳಿಸೀತೆಂದು ಹೆದರಿದ್ದೆ. ಅದೃಷ್ಟಕ್ಕೆ ನಿಮ್ಮ ಸಮೀಕ್ಷೆಯವರು ಅಲ್ಲಿರಲಿಲ್ಲ. ಇದ್ದಿದ್ದರೆ ಈ ಸಂಬಂಧಕ್ಕೆ ಸ್ಥಳೀಯ ಬೆಂಬಲ ಸಾಲದೆಂದು ನೀವು ಅದನ್ನೂ ತಿರಸ್ಕರಿಸುತ್ತಿದ್ದಿರಿ, ನಮ್ಮ ಮೂವರು ಹೆಣ್ಣುಮಕ್ಕಳು ಹುಟ್ಟುತ್ತಲೇ ಇರಲಿಲ್ಲ.

ಹಾಗಾದರೆ ನಮ್ಮೂರಲ್ಲಿ ‘ಬಲವಾಗಿ’ ಎಂಬ ಮಾತು ಬಾಯಲ್ಲಿ ಇರುವವರು ಯಾರು? ಇಲ್ಲೊಂದು ಮನೆ ಕೊಂಡಿಟ್ಟು ಬೇಸಿಗೆಗೆ ಬಂದು ಹೋಗುವವರು. ಅವರ ಪೈಕಿ ಗಾಡ್‌ಫ್ರಿ ಪೆಂಬರ್ಟನ್ ಎಂಬ ದೊಡ್ಡ ಮನುಷ್ಯರು ಈಸ್ಟರ್‌ಗೊಮ್ಮೆ, ಆಗಸ್ಟಿನಲ್ಲೊಮ್ಮೆ ಕಾಣಿಸಿಕೊಳ್ಳುತ್ತಾರೆ. ಗಾಜಿನ ಕೋಣೆಯಲ್ಲಿ ಕುಳಿತು ಬೆಟ್ಟ ನೋಡುವುದೆಂದರೆ ಅವರಿಗೆ ಪ್ರಾಣ. ಸಮೀಕ್ಷೆಯಲ್ಲಿ ‘ಬಲವಾಗಿ ವಿರೋಧಿಸುತ್ತೇನೆ’ ಎಂದು ಒತ್ತಿದ್ದಲ್ಲದೆ ಮೂರು ಪುಟ ಟಿಪ್ಪಣಿಯನ್ನೂ ಬರೆದರಂತೆ. ಅವರಂಥವರೇ ಇನ್ನೂ ಹತ್ತೆಂಟು ಮನೆಯವರು. ಇದನ್ನು ಕೇಳಿದ ಆರ್ಥರ್, “ಅವ್ರ ಕಿಟಕಿಗೆ ಪರದೆ ಇಲ್ವಾ?” ಎಂದಷ್ಟೇ ಕೇಳಿದ. ಪೆಂಬರ್ಟನ್‌ರಿಗೆ ಬೆಟ್ಟದ ನೋಟ ಬೇಕು, ನ್ಯಾಯ. ನನ್ನ ಗಂಡನಿಗೆ ಉಸಿರು ಬೇಕು. ಎರಡನ್ನೂ ತಕ್ಕಡಿಗಿಟ್ಟು ತೂಗಿದವರು ನೀವು, ನೋಟವೇ ಭಾರವಾಯಿತು.

ಈಗ ‘ಬಲವಾಗಿ ಬೆಂಬಲಿಸುವುದು’ ಎಂದರೆ ನಮ್ಮೂರಲ್ಲಿ ಹೇಗಿರುತ್ತದೆ ಎಂದು ಹೇಳುತ್ತೇನೆ, ನಿಮ್ಮ ಚೌಕಗಳ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಹೋದ ಫೆಬ್ರವರಿಯ ಬಿರುಗಾಳಿಗೆ ಬೆಳಗಿನ ತಿಂಡಿಯ ಹೊತ್ತಿಗೆ ಕರೆಂಟ್ ಹೋಯಿತು. ಯಂತ್ರ ನಿಂತಿತು. ಆಸ್ಪತ್ರೆಯವರು ತುರ್ತಿಗೆಂದು ಕೊಟ್ಟಿದ್ದ ಸಿಲಿಂಡರ್ ಹಾಕಿದೆ. ಇನ್ನೊಂದು ಸಿಲಿಂಡರ್ ತರುತ್ತಿದ್ದ ಗಾಡಿ ಬಿದ್ದ ಮರದ ಆಚೆಗೆ ಸಿಕ್ಕಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಸಿಲಿಂಡರ್‌ನ ಮುಳ್ಳು ಕೆಂಪಿಗೆ ಇಳಿಯಿತು. ಕ್ಲಿಫ್‌ನ ತುಟಿ ನೀಲಿಯಾಗುತ್ತಿತ್ತು. “ಗಾಬರಿ ಆಗ್ಬೇಡ,” ಎನ್ನುತ್ತಿದ್ದ, ಒಂದೊಂದು ಪದಕ್ಕೂ ನಿಂತು. ನಾನು ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಆಗ ಕಿಟಕಿಯಾಚೆ ಟ್ರ್ಯಾಕ್ಟರ್ ಸದ್ದು. ಆರ್ಥರ್ ಹಿಂದುಗಡೆ ಜನರೇಟರ್ ಕಟ್ಟಿಕೊಂಡು, ನನ್ನ ಹೂವಿನ ಪಾತಿಯ ಮೇಲೇ ಟ್ರ್ಯಾಕ್ಟರ್ ಹತ್ತಿಸಿ ತಂದಿದ್ದ. ಕಿಟಕಿಯಿಂದ ತಂತಿ ಎಳೆದ. ಯಂತ್ರ ಗುರುಗುಟ್ಟಿತು. ಇಂಜಿನ್ ನಿಂತೀತೆಂದು, ಸಂಜೆ ಸಿಲಿಂಡರ್‌ನ ಗಾಡಿ ಬಂದು ಮುಟ್ಟುವ ತನಕ ಆ ಹಿಮ ಮಳೆಯಲ್ಲೇ, ಕೊರೆಯುವ ಗಾಳಿಯಲ್ಲೇ ಸೀಟು ಬಿಟ್ಟಿಳಿಯದೆ ಕುಳಿತಿದ್ದ. ಅತ್ತ ಅವನ ಕುರಿಗಳು ಮರಿ ಹಾಕುವ ಕಾಲ, ಎರಡು ಮರಿ ಚಳಿಗೆ ಸತ್ತಿದ್ದವು; ಅದು ನನಗೆ ಗೊತ್ತಾದದ್ದು ಏಪ್ರಿಲ್‌ನಲ್ಲಿ, ಅದೂ ಬೇರೆಯವರ ಬಾಯಿಂದ.

ಅವತ್ತು ಟೀ ಕೊಡುತ್ತ, “ಆರ್ಥರ್, ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ...” ಎಂದೆ.

“ಹಾಗಾದ್ರೆ ಹೇಳ್ಬೇಡ,” ಎಂದ. “ಟ್ರ್ಯಾಕ್ಟರ್ ಹೇಗೂ ಸುಮ್ನೆ ನಿಂತಿತ್ತು.”

ಈ ಮನುಷ್ಯ ನಿಮ್ಮ ಲೆಕ್ಕದಲ್ಲಿ ಅಭಿಪ್ರಾಯವಿಲ್ಲದವನು. ಅವನಿಗೂ ಎಪ್ಪತ್ತಾಯಿತು, ಸಚಿವರೇ. ಮುಂದಿನ ಬಿರುಗಾಳಿಗೂ ಅವನೇ ಬಂದು ಕೂರಬೇಕೆ? ಗಾಳಿ ಹುಚ್ಚೆದ್ದಾಗ ಯಂತ್ರ ಮುರಿಯದಿರಲೆಂದು ರೆಕ್ಕೆ ನಿಲ್ಲಿಸಿದರೂ ಬ್ಯಾಟರಿಯಲ್ಲಿ ಕೂಡಿಟ್ಟ ಕರೆಂಟ್ ಮೂರು ದಿನ ಬರುತ್ತದೆ ಎಂದು ನಿಮ್ಮ ಇಲಾಖೆಯ ತಜ್ಞರೇ ಬರೆದುಕೊಟ್ಟಿದ್ದರು. ಅದು ಅದೇ ಕಡತದಲ್ಲಿದೆ. ಸಮೀಕ್ಷೆಯ ಪುಟ ಮಾತ್ರ ನಿಮ್ಮ ಕಣ್ಣಿಗೆ ಬಿತ್ತು.

ಬೀಳದೆ ಏನು? ಎರಡು ವರ್ಷದ ಹಿಂದೆ ನೀವು ಹಳದಿ ಹೆಲ್ಮೆಟ್ ಹಾಕಿಕೊಂಡು, ಸಮುದ್ರದ ಗಾಳಿಯಂತ್ರಗಳ ಮುಂದೆ ನಿಂತು, ಮೊಮ್ಮಕ್ಕಳ ಭವಿಷ್ಯದ ಬಗ್ಗೆ ಮಾತಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಯಾವುದೋ ಉಪಚುನಾವಣೆಯಲ್ಲಿ ನಿಮ್ಮ ಪಕ್ಷ ಮುಗ್ಗರಿಸಿತು. ಯಾವುದೋ ಸಮೀಕ್ಷೆ, ಹಳ್ಳಿಗಾಡಿನ ಮತದಾರರಿಗೆ ರೆಕ್ಕೆಗಳು ಹಿಡಿಸುವುದಿಲ್ಲ ಎಂದಿತು. ಮರುವಾರವೇ ನಿಮಗೆ ಬೆಟ್ಟಗಳ ಸೌಂದರ್ಯ ಕಾಣತೊಡಗಿತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಒಪ್ಪಿದೆ, ಆದರೆ ತೂರುವವನ ಮುಂದೆ ಕಾಳಾದರೂ ಇರಬೇಕು. ನಮ್ಮ ಚರ್ಚಿನ ಗೋಪುರದ ಮೇಲೂ ಒಂದು ತಗಡಿನ ಕೋಳಿ ಇದೆ, ಗಾಳಿ ಬೀಸಿದತ್ತ ತಿರುಗುತ್ತದೆ. ಅದಕ್ಕೆ ನಾವು ಸಂಬಳ ಕೊಡುವುದಿಲ್ಲ.

ಇನ್ನೊಂದು ಸಣ್ಣ ಅನುಮಾನ. ಕ್ಲಿಫ್‌ನ ತಂಗಿ ಮೇಬಲ್ ನಿಮ್ಮದೇ ಕ್ಷೇತ್ರದವಳು, ನಿಮಗೇ ಮತ ಹಾಕಿದವಳು. ಯಾಕೆ ಹಾಕಿದೆ ಎಂದು ಫೋನಿನಲ್ಲಿ ಕೇಳಿದೆ. “ಇನ್ನೊಬ್ಬನ ಮುಖ ನೋಡಕ್ಕಾಗ್ತಿರ್ಲಿಲ್ಲ ಅತ್ಗೆ, ಈಯಪ್ಪ ಪರ್ವಾಗಿಲ್ಲ ಅನ್ನಿಸ್ತು,” ಎಂದಳು. ನೀವು ಗೆದ್ದದ್ದು ನೂರಕ್ಕೆ ಮೂವತ್ತನಾಲ್ಕು ಮತದಿಂದ. ಆ ಮೂವತ್ತನಾಲ್ಕರಲ್ಲಿ ನಿಮ್ಮನ್ನು ‘ಬಲವಾಗಿ’ ಬೆಂಬಲಿಸಿದವರು ಎಷ್ಟು ಮಂದಿ? ನಾಲ್ವರಾದರೂ ಸಿಕ್ಕಾರೆಯೆ, ನಿಮ್ಮ ಮನೆಯವರನ್ನೂ ಸೇರಿಸಿ? ಮೇಬಲ್‌ಳ ‘ಪರವಾಗಿಲ್ಲ’ ನಿಮ್ಮನ್ನು ಸಚಿವರ ಕುರ್ಚಿಯಲ್ಲಿ ಕೂರಿಸಬಲ್ಲದು, ಅವಳ ಅಣ್ಣನ ‘ಪರವಾಗಿಲ್ಲ’ ಒಂದು ಕಂಬ ನಿಲ್ಲಿಸಲಾರದು. ಇದು ಯಾವ ಸೀಮೆಯ ಗಣಿತ, ಸ್ವಾಮಿ? ಅಳತೆಗೋಲು ಒಂದೇ ಆಗಿದ್ದರೆ, ಗುಡ್ಡದ ಮೇಲೆ ನಮ್ಮ ಕಂಬ ಇರುತ್ತಿತ್ತು, ಇಲ್ಲವೇ ಕುರ್ಚಿಯಲ್ಲಿ ನೀವು ಇರುತ್ತಿರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ. ಆದೇಶವನ್ನು ಹಿಂದಕ್ಕೆ ಪಡೆಯಿರಿ, ಮುಂದಿನ ಚಳಿಗಾಲಕ್ಕೆ ಮುಂಚೆ. ಮತ್ತೆ ಸಮೀಕ್ಷೆ ಮಾಡಿಯೇ ತೀರಬೇಕೆಂದಿದ್ದರೆ ಯಾರನ್ನೂ ಕಳಿಸಬೇಡಿ, ನೀವೇ ಬನ್ನಿ. ಫೆಬ್ರವರಿಯಲ್ಲಿ ಬನ್ನಿ; ಆಗಸ್ಟಿನಲ್ಲಿ ಎಲ್ಲರೂ ಬರುತ್ತಾರೆ. ಕರೆಂಟ್ ಹೋದ ದಿನ ನಮ್ಮ ಕೋಣೆಯಲ್ಲಿ ಕ್ಲಿಫ್‌ನ ಪಕ್ಕ ಒಂದು ಮಧ್ಯಾಹ್ನ ಕೂತು, ಆಮೇಲೆ ಅವನನ್ನು ನಿಮ್ಮ ಐದು ಚೌಕಗಳ ಪ್ರಶ್ನೆ ಕೇಳಿ.

ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕಳಿಸುವ ಮುನ್ನ ಕ್ಲಿಫ್‌ಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದ. “ಸ್ವಲ್ಪ ಜೋರಾಯ್ತು,” ಎಂದ. ಹಾಗಾದರೆ ತಿದ್ದಲೇ ಎಂದು ಪೆನ್ನು ತೆಗೆದುಕೊಂಡೆ. ಕೈ ಅಡ್ಡ ಮಾಡಿ ತಡೆದ. ಉಸಿರು ಕೂಡಿಸಿಕೊಳ್ಳಲು ಅವನಿಗೆ ಹೊತ್ತು ಬೇಕಾಗುತ್ತದೆ, ನಾನು ಕಾದೆ.

“ಬೇಕು ಅಂತ ಬರಿ,” ಎಂದ. “ನಂಗೆ ಅದು ಬೇಕು. ನಾನೇ ಹೇಳ್ದೆ ಅಂತ ಬರಿ.”

ಸಚಿವರೇ, ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು. ಅವತ್ತು ಸಂತೆಯಲ್ಲಿ ನನ್ನ ವಿಷಯಕ್ಕೂ ಅವನು ಹಾಗೆ ಹೇಳಿದ್ದಿಲ್ಲ. ಯಾವ ಚೌಕ ಒತ್ತಬೇಕೋ ನೀವೇ ನೋಡಿ ಒತ್ತಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ವಿರೋಧಿಯಾದ, ಅಭಿಪ್ರಾಯವಿಲ್ಲದವನ ಹೆಂಡತಿ,
ಎಡ್ನಾ ಆಲ್ಡರ್‌ಸನ್
ಮುಚ್ಚಿದ ಅಂಚೆ ಕಚೇರಿ, ಹ್ಯಾಗ್‌ತ್ವೇಟ್